ಆಪತ್ತಿನ ಚೀಲಕ್ಕೆ ಕೀಲಿ

ಮೊಳಕಾಲ ತನಕ ಬಂದಿತ್ತು ನೀರು; ಅಥವಾ ಹಾಗೆಂದು ನಾನು ಇಷ್ಟು ದಿನ ಹೇಳುತ್ತ ಬಂದಿದ್ದೇನೆ. ಹೇಳುವಾಗಲೆಲ್ಲ ಬಗ್ಗಿ ಅಂಗೈಯನ್ನು ಮೊಳಕಾಲಿಗೆ ಹಚ್ಚಿ ತೋರಿಸುತ್ತೇನೆ. ಅದರಿಂದ ಕೇಳುವವರಿಗೆ ನಂಬಿಕೆ ಬರುತ್ತದೆ, ನನಗೂ ಬರುತ್ತದೆ. ಹೆಂಡತಿ ಗಿರಿಜಾ ಮಾತ್ರ ಒಳಗಿನಿಂದಲೇ, "ಎಲ್ಲೀ ಮೊಳಕಾಲ್ರೀ, ಹಿಮ್ಮಡ ತೋಯ್ದಿದ್ವು ಅಷ್ಟ" ಎನ್ನುತ್ತಾಳೆ. ನನ್ನ ನೆನಪಿನಲ್ಲಿ ಅಂದು ಮಂಗಳವಾರ, ಅವಳ ನೆನಪಿನಲ್ಲಿ ಸೋಮವಾರ. ಮಳೆ ಬಂದದ್ದು, ಓಣಿಯ ಹಿಂದಿನ ನಾಲಾ ಉಕ್ಕಿದ್ದು, ಇವೆರಡರ ಬಗ್ಗೆ ಇಬ್ಬರಿಗೂ ಒಪ್ಪಿಗೆಯಿದೆ. ಉಳಿದದ್ದಕ್ಕೆ ನಾನೊಬ್ಬನೇ ಜವಾಬ್ದಾರ.

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ಪ್ರವಾಹ, ಭೂಕಂಪ, ಚಂಡಮಾರುತಗಳನ್ನು ಖಡು ಹಿಡಿದು ಹಲಗೆಯ ಮೇಲೆ ತಡೆದು ನಿಲ್ಲಿಸಿದವನು. ಗೋಪನಕೊಪ್ಪದಲ್ಲಿ ನಮ್ಮ ಓಣಿ ಬಟ್ಟಲಿನ ತಳದ ಹಾಗಿದೆ. ಆ ತಳದಲ್ಲಿ ಮಾಳಿಗೆಯ ಮೇಲೊಂದು ಖೋಲಿ ಇರುವುದು ನಮ್ಮ ಮನೆಗೆ ಮಾತ್ರ. ಹೀಗಾಗಿ ಶಾಲೆಯಲ್ಲಿ ವಿಪತ್ತು ನಿರ್ವಹಣೆಯ ತರಬೇತಿ ಆದಾಗ ಉಳಿದ ಶಿಕ್ಷಕರು ಚಹಾದ ದಾರಿ ಕಾಯುತ್ತಿದ್ದರೆ ನಾನು ಪಟಪಟನೆ ಬರೆದುಕೊಳ್ಳುತ್ತಿದ್ದೆ. ಅಂದೇ ಸಂಜೆ ಆಪತ್ತಿನ ಚೀಲ ತಯಾರಾಯಿತು: ಬ್ಯಾಟರಿ, ಮೇಣಬತ್ತಿ, ಹಗ್ಗ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮನೆಯ ಕಾಗದಪತ್ರ. ಕೆಡದ ಆಹಾರ ಇರಬೇಕೆಂದಿದ್ದರು. ಕಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಮಾಡುವ ಸೀಮೆಯವರಿಗೆ ಅದನ್ನು ಇನ್ನೊಬ್ಬರು ಹೇಳಿಕೊಡಬೇಕೆ? ಐವತ್ತು ರೊಟ್ಟಿ ಇಟ್ಟೆ.

ರಟ್ಟಿನ ಮೇಲೆ ಕೆಲಸ ಹಂಚಿ ಬರೆದು ಅಡುಗೆಮನೆಯಲ್ಲಿ ತೂಗುಹಾಕಿದೆ. ನಾನು ಸೀಟಿ ಊದಿದ ಕೂಡಲೇ ಗಿರಿಜಾ ಚೀಲ ಎತ್ತಿಕೊಂಡು ಮೇಲಕ್ಕೆ. ನಾನು ಚಿಗವ್ವನನ್ನು ಕರೆದುಕೊಂಡು ಮೇಲಕ್ಕೆ. ಚಿಗವ್ವ ಎಂದರೆ ನನ್ನ ಅವ್ವನ ತಂಗಿ, ನನ್ನನ್ನು ಸಾಕಿ ಬೆಳೆಸಿದವಳು. ಮೊಳಕಾಲು ಹಿಡಿದುಕೊಂಡಿವೆ, ಒಬ್ಬಳೇ ಮೆಟ್ಟಿಲು ಹತ್ತಲಾರಳು. ನಿಜ ಹೇಳಬೇಕೆಂದರೆ ಇಡೀ ಯೋಜನೆ ಇದ್ದದ್ದೇ ಅವಳಿಗಾಗಿ.

ಒಂದು ರವಿವಾರ ಬೆಳಿಗ್ಗೆ ತಾಲೀಮು ಇಟ್ಟೆ. ಸೀಟಿ ಊದಿದೆ. ಚಿಗವ್ವ ಮಣೆಯ ಮೇಲೆ ಕುಳಿತು ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆಯಲ್ಲಿದ್ದಳು. ಮತ್ತೆ ಊದಿದೆ. ರೆಪ್ಪೆ ಕೂಡ ಅಲುಗಲಿಲ್ಲ. ಅರ್ಧ ತಾಸಿನ ಮೇಲೆ ವಿಭೂತಿ ಗಟ್ಟಿ ತೆಗೆದಿಡುತ್ತ, "ತಮ್ಮಾ, ಲಿಂಗ ಅಂಗೈ ಮ್ಯಾಲ ಇದ್ದಾಗ ನಾ ಏಳಾಂಗಿಲ್ಲ. ನಿನ್ನ ನೀರಿಗೆ ಸ್ವಲ್ಪ ತಡಿ ಅಂತ ಹೇಳು" ಎಂದಳು. ವಾದದಲ್ಲಿ ಅವಳನ್ನು ಗೆದ್ದವರಿಲ್ಲ. ರಟ್ಟಿನ ಕೆಳಗೆ 'ಪೂಜೆಯ ವೇಳೆ ಹೊರತುಪಡಿಸಿ' ಎಂದು ಸೇರಿಸಿದೆ.

ಇನ್ನೊಂದು ತೊಡಕು ಎದುರಾಯಿತು. ನಮ್ಮ ಕಡೆ ಬಂದವರನ್ನು ಉಣ್ಣಿಸದೆ ಕಳಿಸುವ ರೂಢಿಯಿಲ್ಲ. ಯಾರೇ ಬಂದರೂ ಗಿರಿಜಾಳ ಕೈ ಸೀದಾ ಚೀಲದೊಳಗೆ. ಧಾರವಾಡದಿಂದ ಅವಳ ಅಕ್ಕ ಬಂದು ಹೋದ ಮೇಲೆ ಎಣಿಸಿದರೆ ಹನ್ನೊಂದೇ ರೊಟ್ಟಿ. "ಇದು ಆಪತ್ತಿಗೆ ಇಟ್ಟದ್ದು" ಎಂದೆ. "ಮನ್ಯಾಗ ಪಲ್ಯಾ ಇಲ್ಲ, ಬಾಗಲದಾಗ ನಾಲ್ಕ ಮಂದಿ ನಿಂತಾರ, ಇನ್ನ ಆಪತ್ತ ಅಂದ್ರ ಹ್ಯಾಂಗಿರ್ತದ್ರೀ?" ಎಂದಳು. ಮರುದಿನವೇ ಚೀಲ ತುಂಬಿಸಿ, ಸಣ್ಣದೊಂದು ಕೀಲಿ ಜಡಿದು, ಕೀಲಿಕೈಯನ್ನು ನನ್ನ ಉಡದಾರಕ್ಕೆ ಕಟ್ಟಿಕೊಂಡೆ. ರಟ್ಟಿನ ಮೇಲೆ ಏನೇ ಬರೆದಿರಲಿ, ಆವತ್ತಿನಿಂದ ಚೀಲ ನನ್ನದಾಯಿತು. ಇದು ನನಗೆ ಆಗ ಹೊಳೆಯಲಿಲ್ಲ.

ಆ ಮಂಗಳವಾರ (ಅಥವಾ ಸೋಮವಾರ) ಮಳೆಗೆ ಶಾಲೆ ರಜೆ. ಬಚ್ಚಲಿನ ತೂಬಿನಿಂದ ಗುಳುಗುಳು ಸದ್ದು ಬಂತು, ಹಿಂದೆಯೇ ಕಪ್ಪು ನೀರು ಬಂತು. ಸೀಟಿ ಊದಿದೆ. ಎದುರುಮನೆಯ ದರ್ಜಿ ಮಕ್ತುಮಸಾಬರು ಕಿಡಕಿಯಿಂದ ಇಣುಕಿ, "ಯಾಕ್ರೀ ಸರ, ಕಬಡ್ಡಿ ಚಾಲೂ ಮಾಡೀರೇನು?" ಎಂದರು. ತಮ್ಮ ಹೊಸ್ತಿಲಿಗೂ ನೀರು ಬಂದದ್ದು ಕಂಡು ಮಾತು ನಿಲ್ಲಿಸಿ ನಮ್ಮ ಮನೆಯತ್ತ ಓಡಿ ಬಂದರು. ನಾನು ಎತ್ತಬೇಕಾದದ್ದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಎಂಥ ಸ್ಥಿರಚಿತ್ತ ನನ್ನದೆಂದು ಹತ್ತುವಾಗ ನನಗೇ ಮೆಚ್ಚುಗೆಯಾದ ನೆನಪು ಸ್ಪಷ್ಟವಾಗಿದೆ. ಮೇಲೆ ಹೋಗಿ ಇಳಿಸುವಾಗ ಅನುಮಾನ ಬಂತು: ಚಿಗವ್ವ ಇಷ್ಟು ಹಗುರ ಇಲ್ಲವಲ್ಲ.

ಇಳಿಯಲು ತಿರುಗಿದರೆ ಅವಳು ಮಣೆಯ ಸಮೇತ ಮೇಲೇರಿ ಬರುತ್ತಿದ್ದಳು. ಮೇಲಿನ ತುದಿ ಗಿರಿಜಾ ಹಿಡಿದಿದ್ದಳು, ಕೆಳಗಿನ ಭಾರವೆಲ್ಲ ಮಕ್ತುಮಸಾಬರ ಮೇಲೆ. ಅವರು ಚಪ್ಪಲಿಯನ್ನು ಆ ನೀರಿನಲ್ಲೇ ಬಿಟ್ಟು ಬಂದಿದ್ದರು. ಚಿಗವ್ವನ ಎಡಗೈಯಲ್ಲಿ ಲಿಂಗ, ತುಟಿಯಲ್ಲಿ ಮಂತ್ರ. "ಹಗೂರ್ರೀ ಅಕ್ಕಾರ, ಈ ಕಡೆ ವಾಲಾಕತ್ತೇತಿ!" "ನೀವು ಇನ್ನಷ್ಟು ಎತ್ರೀ!" ಆಮೇಲೆ ಇಬ್ಬರೂ ಒಟ್ಟಿಗೆ, ನನಗೆ: "ದಾರಿ ಬಿಡ್ರೀ!"

ಓಣಿಯ ಮೂರು ಮನೆಯವರು ನಮ್ಮ ಖೋಲಿಗೆ ಹತ್ತಿದರು. ನಾನು ಗೋಡೆಗೆ ಮುಖ ಮಾಡಿ ಉಡದಾರ ಬಿಚ್ಚಿ ಚೀಲದ ಕೀಲಿ ತೆಗೆದೆ. ವಾರಕ್ಕೊಮ್ಮೆ ಎತ್ತಿ ಇಳಿಸಿ ತೂಕ ನೋಡಿದ್ದರಿಂದ ರೊಟ್ಟಿಯೆಲ್ಲ ಚೂರುಚೂರು. ಆದರೂ ಚಟ್ನಿಪುಡಿ ಕಲಸಿ ಎಲ್ಲರೂ ಉಂಡರು, ಸರ್ ಇದ್ದದ್ದಕ್ಕೆ ಪಾರಾದೆವು ಎಂದರು. ನಾನು ಬೇಡವೆನ್ನಲಿಲ್ಲ. ಅಷ್ಟರಲ್ಲಿ ಪೂಜೆ ಮುಗಿಸಿದ ಚಿಗವ್ವ ಎಲ್ಲರನ್ನೂ ನೋಡಿ, "ನಮ್ಮ ತಮ್ಮ ಇದ್ದ ಅಂತ ಉಳಿದೆ. ಮಣೆ ಸುದ್ದಾ ನನ್ನ ಎತ್ತಿಕೊಂಡ ಬಂದ ನೋಡ್ರಿ!" ಎಂದಳು.

ಮಕ್ತುಮಸಾಬರು ಅಂಗೈ ಉಜ್ಜಿಕೊಳ್ಳುತ್ತ, "ಹೌದವ್ವಾ, ಸರ ಭಾಳ ಗಟ್ಟಿ ಅದಾರ" ಎಂದರು. ಗಿರಿಜಾ ನನ್ನನ್ನು ಒಮ್ಮೆ ನೋಡಿ, ನನ್ನ ತಾಟಿಗೆ ಇನ್ನೊಂದು ಹಿಡಿ ಚೂರು ಹಾಕಿದಳು. ನಾನು ನಿಜ ಹೇಳುವವನೇ ಇದ್ದೆ. ಬಾಯಿ ತುಂಬ ರೊಟ್ಟಿ ಇತ್ತು.

ಅದನ್ನು ನುಂಗಿದ ಮೇಲೂ ಹೇಳಲಿಲ್ಲ. ಬಂದವರಿಗೆಲ್ಲ ಚಿಗವ್ವ ಈ ಕಥೆ ಹೇಳುತ್ತಾಳೆ. ಕೇಳಿ ಕೇಳಿ, ಮಣೆಯ ಅಂಚು ಒತ್ತಿದ ನೋವು ಈಗ ನನ್ನ ಬೆರಳಿಗೇ ನೆನಪಿದೆ. ಎಷ್ಟನೆಯ ಮೆಟ್ಟಿಲಲ್ಲಿ ಉಸಿರು ಹತ್ತಿತೆಂದೂ ಹೇಳಬಲ್ಲೆ. ಮೊನ್ನೆ ಅವಳ ಕಾಲಿಗೆ ಎಣ್ಣೆ ತಿಕ್ಕುವಾಗ ಧೈರ್ಯ ಮಾಡಿ, "ಚಿಗವ್ವಾ, ಅವತ್ತ ನಿನ್ನ ಎತ್ತಿದವರು ಯಾರು?" ಎಂದು ಕೇಳಿದೆ.

"ನೀನ ಅಲ್ಲೇನೋ? ಸ್ವಲ್ಪ ಕೆಳಗ ತಿಕ್ಕು" ಎಂದಳು.

ಲಿಂಗಪೂಜೆಯಲ್ಲಿ ದೃಷ್ಟಿ ಅಂಗೈಯ ಮೇಲೆ ಇರುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ. ತೆರೆದ ಆ ಅರ್ಧದಲ್ಲಿ ಅವಳಿಗೆ ಮೆಟ್ಟಿಲ ಮೇಲೆ ಯಾರು ಕಂಡರೋ, ನನಗೆ ಗೊತ್ತಿಲ್ಲ.