ಬಂಡೆಪ್ಪನಿಗೆ ಹಿಡಿದ ಸೀಟು

ಮನೆಯಲ್ಲಿ ವಾದ ಮಾಡುವವರು ಒಬ್ಬರಿದ್ದರೆ ಉಳಿದವರಿಗೆಲ್ಲ ಬೇಗ ನಿದ್ದೆ ಬರುತ್ತದೆ. ಇದು ನಾನು ಬಹಳ ಕಾಲದಿಂದ ಗಮನಿಸುತ್ತ ಬಂದಿರುವ ಸಂಗತಿ. "ಹಂಗಲ್ಲ, ಮೊದಲ ಒಂದ ಮಾತು ಕ್ಲಿಯರ್ ಮಾಡ್ಕೊಳ್ಳೂಣು" ಎಂದು ನಾನು ಬಾಯಿ ತೆರೆದರೆ ಸಾಕು, ಅವ್ವನಿಗೆ ಆಕಳಿಕೆ ಶುರುವಾಗುತ್ತದೆ, ಅಪ್ಪನಿಗೆ ಪೇಟೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ, ತಂಗಿ ಸುಜಾತಾ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತಾಳೆ. ತಪ್ಪು ನನ್ನದಲ್ಲ, ತರಬೇತಿಯದು. ಹೈಸ್ಕೂಲಿನಿಂದ ಎಂ.ಎ. ಮುಗಿಯುವವರೆಗೆ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು ನಾನು. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ. ಚೀಟಿ ಎತ್ತಿದಾಗ ಏನು ಬಂತೋ ಅದೇ ಆ ಹೊತ್ತಿನ ನನ್ನ ಅಚಲ ನಂಬಿಕೆ. ಒಮ್ಮೆ ಕಾರ್ಟೂನುಗಳಿಂದ ಮಕ್ಕಳ ಬುದ್ಧಿ ಕೆಡುತ್ತದೆ ಎಂಬ ವಿಷಯದ ಪರವಾಗಿ ಮಾತಾಡಿ ಸುರಪುರದಿಂದ ದೊಡ್ಡದೊಂದು ಫಲಕ ಗೆದ್ದು ತಂದಿದ್ದೆ. ಬೆಳಗಾಗುವಷ್ಟರಲ್ಲಿ ಸುಜಾತಾ ಅದರ ರಟ್ಟಿನ ಡಬ್ಬಿಗೆ ಕಣ್ಣು, ಮೂಗು, ಎರಡು ಹಲ್ಲು ಬರೆದು ಕಿಟಕಿಯಲ್ಲಿ ನಿಲ್ಲಿಸಿದ್ದಳು. ಅದು ಎದುರುಪಕ್ಷದ ಮೊದಲ ಮಾತು ಎಂದು ನನಗೆ ಆಗಲೇ ತಿಳಿಯಬೇಕಿತ್ತು.

ಮನೆಯೂ ಅಂಥದೇ. ಗೋಡೆಯ ಮೇಲೆ ಬುದ್ಧನ ಚಿತ್ರವೊಂದೇ ಇರುವ ಮನೆ ನಮ್ಮದು. ದೆವ್ವ, ಗಾಳಿ, ದೃಷ್ಟಿ ಇವಕ್ಕೆಲ್ಲ ಅಪ್ಪ ಹೊಸ್ತಿಲಲ್ಲೇ ಅಡ್ಡ ನಿಂತವರು. "ಕಣ್ಣಿಗಿ ತೋರಸ್ರಿ, ಆಮ್ಯಾಲ ಮಾತಾಡ್ರಿ" ಎಂದು ಬಂದವರನ್ನು ಬಂದ ದಾರಿಯಲ್ಲೇ ಕಳಿಸುವವರು. ಶಿರವಾಳದ ಹಳೆಯ ಗುಡಿಗಳಲ್ಲಿ ಏನೋ ಓಡಾಡುತ್ತದೆ ಎಂದು ಯಾರೋ ಹೇಳಿದಾಗ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ಸಂಜೆಯವರೆಗೆ ಅಲ್ಲೇ ಕೂರಿಸಿದ್ದರು. ಒಂದು ಆಡು ಬಂದು ಬುತ್ತಿಯ ರೊಟ್ಟಿ ತಿಂದು ಹೋಯಿತು, ಅಷ್ಟೇ. ಇಂಥ ಮನೆಯೊಳಗೆ, ಕಣ್ಣಿಗೆ ತೋರಿಸಲಾಗದ ಬಂಡೆಪ್ಪ ಬಂದು ಸೇರಿಕೊಂಡ.

ಬಂಡೆಪ್ಪನೆಂದರೆ ನಮ್ಮೂರು ಶಹಾಪುರದ ಗುಡ್ಡದಿಂದ ಉರುಳಿ ಊರೊಳಗೆ ಬಂದ ಒಂದು ಮರಿಬಂಡೆ. ದುಂಡನೆಯ ಮೈ, ಎರಡು ಗಿಡ್ಡ ಕಾಲು, ನೆತ್ತಿಯ ಮೇಲೆ ಜುಟ್ಟಿನಂತೆ ಒಣಹುಲ್ಲು, ಯಾವಾಗಲೂ ಏನನ್ನೋ ಕೇಳಲು ಹೊರಟಂಥ ಕಣ್ಣು. ಸುಜಾತಾ ಅವನನ್ನು ಲ್ಯಾಪ್‌ಟಾಪಿನಲ್ಲಿ ಬರೆದು, ನಡೆಸಿ, ಆಮೇಲೆ ಫೋನಿನಲ್ಲಿ ತೆಗೆದ ನಮ್ಮೂರಿನ ನಿಜವಾದ ವಿಡಿಯೋಗಳೊಳಗೆ ಇಳಿಸುತ್ತಾಳೆ. ತರಕಾರಿ ಬಜಾರಿನಲ್ಲಿ ಬಂಡೆಪ್ಪ, ಹಿಟ್ಟಿನ ಗಿರಣಿಯ ಮುಂದೆ ಪಾಳಿಯಲ್ಲಿ ನಿಂತ ಬಂಡೆಪ್ಪ. ಮಕ್ಕಳ ವಿಡಿಯೋ ತಯಾರಿಸುವ ಹುಬ್ಬಳ್ಳಿಯ ಒಂದು ಕಂಪನಿಯವರು ಅವನನ್ನು ನೋಡಿ ಆಸೆ ತೋರಿಸಿದ್ದರು. ಆದರೆ ಕಳಿಸಿದ್ದನ್ನು ಎರಡು ಸಲ ವಾಪಸು ಮಾಡಿದರು. ಬೊಂಬೆ ಚೆನ್ನಾಗಿದೆ, ಆದರೆ ಮೇಲೆ ತಂದು ಅಂಟಿಸಿದ ಹಾಗಿದೆ. ಅವನು ಆ ಊರಲ್ಲೇ ಬದುಕುತ್ತಿದ್ದಾನೆ ಅನ್ನಿಸಬೇಕು. ಇನ್ನು ಒಂದೇ ಸಲ ನೋಡುತ್ತೇವೆ, ಎಂದರು. ಒಪ್ಪಿದರೆ ಮನೆಯಲ್ಲಿ ಕೂತು ವರ್ಷವಿಡೀ ಮಾಡುವಷ್ಟು ಕೆಲಸ. ಒಪ್ಪದಿದ್ದರೆ ಇದನ್ನೆಲ್ಲ ಮಡಚಿಟ್ಟು ಬಿ.ಎಡ್. ಸೇರುತ್ತೇನೆಂದು ಸುಜಾತಾ ಅವ್ವನಿಗೆ ಮಾತು ಕೊಟ್ಟಳು. ಬಿ.ಎಡ್. ಕೆಟ್ಟದ್ದೇನಲ್ಲ. ಆದರೆ ಆ ಮಾತು ಕೊಡುವಾಗಿನ ಅವಳ ಮುಖ ನೋಡಿದ ನಾನು ಆ ಸಂಜೆ ಯಾರ ಜೊತೆಗೂ ವಾದ ಮಾಡಲಿಲ್ಲ. ಜ್ವರ ಬಂದಿದೆಯೇನೋ ಎಂದು ಅವ್ವ ಹಣೆ ಮುಟ್ಟಿ ನೋಡಿದಳು.

ಮರುದಿನ ಸುಧಾರಿಸಿಕೊಂಡೆ. "ಅಲ್ಲ, ಕಲ್ಲಿಗಿ ಕಾಲು ಹ್ಯಾಂಗ ಬಂದ್ವು?" ಎಂದು ಕೇಳಿದೆ.

"ನಿನಗ ಬಂದಂಗ."

"ಅಂವ ಏನು ತಿಂತಾನ?"

"ನನ್ನ ತಲಿ ತಿನ್ನೂದಿಲ್ಲ. ಅಷ್ಟ ಸಾಕು."

ಇದು ಉತ್ತರವಲ್ಲ, ವೈಯಕ್ತಿಕ ಟೀಕೆ ಎಂದು ನಾನು ನಿಯಮ ತೋರಿಸಿದೆ. ಆಗ ಅವಳು ಲ್ಯಾಪ್‌ಟಾಪ್ ಮುಚ್ಚಿ ನನ್ನ ಕಡೆ ತಿರುಗಿದಳು. "ಯಕ್ಕಾ, ಬಂಡೆಪ್ಪನ್ನ ಬರಿಯೂದು ನನ್ನ ಕೆಲಸ. ಅವಗ ಜಗಾ ಬಿಡೂದು ನಿಮ್ಮ ಕೆಲಸ. ನೀವು ಸರದ್ರ ಅಂವ ಇರ್ತಾನ. ಸರೀಲಿಲ್ಲಂದ್ರ ಅಂವ ಬರೇ ಸ್ಟಿಕ್ಕರ್." ಇಲ್ಲದವನು ಇದ್ದಾನೆ ಎಂದು ಅನ್ನಿಸುವುದು ಅವನ ಮೈಬಣ್ಣದಿಂದಲ್ಲವಂತೆ. ಅವನು ಕೂತಲ್ಲಿ ಹಾಸಿಗೆ ತಗ್ಗಬೇಕು, ನಡೆದಲ್ಲಿ ಧೂಳು ಏಳಬೇಕು, ಪಕ್ಕದವರು ಮೊಣಕೈ ಎಳೆದುಕೊಳ್ಳಬೇಕು. ಹಾಸಿಗೆ, ಧೂಳು ಅವಳು ನೋಡಿಕೊಳ್ಳುತ್ತಾಳೆ; ಮೊಣಕೈ ಮಾತ್ರ ನಿಜವಾದ ಮನುಷ್ಯರದೇ ಬೇಕು. ವಾದ ಬಿಟ್ಟು ನನ್ನ ಮೊಣಕೈ ಕೊಡಲು ಒಪ್ಪಿದೆ. ನನ್ನ ಅನುಭವದಲ್ಲಿ ಇದು ಅಪರೂಪ.

ಹೀಗೆ ನಾನು ನಟಿಯಾದೆ. ಬಂಡೆಪ್ಪನ ಕಣ್ಣು ಎಲ್ಲಿರುತ್ತದೆಂದು ತೋರಿಸಲು ಸುಜಾತಾ ಒಂದು ಕೋಲಿಗೆ ಬದನೆಕಾಯಿ ಚುಚ್ಚಿ ಹಿಡಿದಳು. ಅದನ್ನು ನೋಡಿ ನಗಬೇಕು, ಅದಕ್ಕೆ ಜಾಗ ಮಾಡಿಕೊಡಬೇಕು. ಅವ್ವ ಒಂದೇ ಸಲಕ್ಕೆ ಮಾಡಿಬಿಟ್ಟಳು. ಬದನೆಕಾಯಿ ತೆಗೆದ ಮೇಲೂ ಖಾಲಿ ಚಾಪೆಯ ಕಡೆ ತಾಟು ಸರಿಸಿ, "ಬಿಸಿ ಅದ, ಊದಿಕೊಂಡು ತಿನ್ನೋ" ಎಂದಳು. ಅಪ್ಪನೂ ಪೇಪರಿನಿಂದ ತಲೆ ಎತ್ತದೆ ಕಾಲು ಮಡಚಿಕೊಂಡರು. ದೆವ್ವಗಳಿಗೆ ಸಿಗದ ಮರ್ಯಾದೆ ಬಂಡೆಪ್ಪನಿಗೆ ಸಿಕ್ಕಿತು. ನಾನು ಮಾತ್ರ ಎಷ್ಟು ಸಲ ಮಾಡಿದರೂ ಕೆಡುತ್ತಿತ್ತು. "ನಿನ್ನ ಕಣ್ಣು ಅವನ ಹಿಂದಿನ ಗ್ವಾಡಿ ನೋಡಾಕತ್ತಾವ" ಎನ್ನುವಳು ಸುಜಾತಾ. ಬದನೆಕಾಯಿ ಇಟ್ಟರೆ, "ನಿನ್ನ ಮಾರಿ ನೋಡಿದ್ರ ಪಲ್ಯ ಮಾಡೂ ವಿಚಾರ ನಡದಂಗ ಕಾಣ್ತದ" ಎನ್ನುವಳು. ಕೊನೆಗೆ ಅವಳೇ ಒಂದು ದಾರಿ ಹುಡುಕಿದಳು. "ಬಸ್ಸಿನ್ಯಾಗ ಮಾಡೂಣು. ದಿನಾ ಹೋಗೂ ಬಸ್ಸು. ಅಲ್ಲೊಂದ ಕಡಿ ನೀ ಮನುಷ್ಯರಂಗ ಇರ್ತಿ."

ನಾನು ಯಾದಗಿರಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಶಹಾಪುರದಿಂದ ದಿನವೂ ಓಡಾಟ. ಆ ಸಂಜೆ ಸುಜಾತಾಳೂ ಯಾದಗಿರಿಗೆ ಬಂದಳು. ಶಹಾಪುರದ ಮೇಲೆ ಹೋಗುವ ಸುರಪುರದ ಬಸ್ಸು ಇನ್ನೂ ನಿಲ್ಲುವ ಮೊದಲೇ ನಾನು ಅಪ್ಪನ ಟವೆಲನ್ನು ಕಿಟಕಿಯಿಂದ ಒಳಗೆಸೆದೆ. ಹತ್ತಿ, ಕಿಟಕಿಯ ಪಕ್ಕ ನಾನು ಕೂತು, ಪಕ್ಕದ ಸೀಟಿನ ಬೆನ್ನಿಗೆ ಟವೆಲ್ ಹಾಕಿದೆ. ಅದು ಮುಂದೆ ಬಂಡೆಪ್ಪನ ಹೆಗಲ ಮೇಲಿನ ವಸ್ತ್ರವಾಗುವುದೆಂದು ಸುಜಾತಾ ಹೇಳಿದ್ದಳು. ಅವಳು ಮುಂದೆ ಡ್ರೈವರ್ ಹತ್ತಿರ ನಿಂತು ಫೋನ್ ಹಿಡಿದಳು. ಈ ಕಡೆಯ ಬಸ್ಸುಗಳಲ್ಲಿ ಓಡಾಡದವರಿಗೆ ಟವೆಲಿನ ಮಹಿಮೆ ಗೊತ್ತಿರಲಿಕ್ಕಿಲ್ಲ. ಸೀಟಿನ ಮೇಲೆ ಟವೆಲ್ ಬಿತ್ತೆಂದರೆ ಅಲ್ಲಿ ಒಬ್ಬ ಮನುಷ್ಯ ಕೂತ ಹಾಗೆ. ಅವನು ಹೊರಗೆ ಚಹಾ ಕುಡಿಯುತ್ತಿರಬಹುದು, ಬಾಳೆಹಣ್ಣಿಗೆ ಚೌಕಾಸಿ ಮಾಡುತ್ತಿರಬಹುದು. ಟವೆಲ್ ಇದ್ದಲ್ಲಿ ಅವನಿದ್ದಾನೆ. ಎಷ್ಟೋ ವರ್ಷ ನಾನೂ ಹೀಗೆ ಸೀಟು ಹಿಡಿದಿದ್ದೇನೆ, ಆದರೆ ಆ ದಿನವೇ ಮೊದಲ ಸಲ ಕಣ್ಣಿಟ್ಟು ನೋಡಿದ್ದು. ನೂಕಾಡಿಕೊಂಡು ಬಂದವರು ಖಾಲಿ ಜಾಗ ಕಂಡು ಧಾವಿಸುತ್ತಾರೆ, ಟವೆಲ್ ಕಾಣುತ್ತಲೇ ತಡೆಯುತ್ತಾರೆ, ಅಲ್ಲಿ ಕೂತವನ ಮುಖವನ್ನೇ ನೋಡುವಂತೆ ಒಮ್ಮೆ ದುರುಗುಟ್ಟಿ ಮುಂದೆ ಹೋಗುತ್ತಾರೆ. ಒಬ್ಬರೂ ಸಾಕ್ಷಿ ಕೇಳಲಿಲ್ಲ. ನನಗೆ ಬದನೆಕಾಯಿ ತೋರಿಸಿದರೂ ಬಾರದ ನೋಟ ಅದು.

ಬಸ್ಸು ಹೊರಟಿತು. ಅಲ್ಲಿ ಶುರುವಾಯಿತು ಕಷ್ಟ. ಮಿಕ್ಸರ್ ಡಬ್ಬಿ ಅಪ್ಪಿಕೊಂಡು ನಿಂತಿದ್ದ ಒಬ್ಬ ಯುವಕ ಬಾಗಿ, "ಮೇಡಂ, ಗಾಡಿ ಬಿಟ್ತು. ಇನ್ನ ಟವೆಲಿಗಿ ಕಿಮ್ಮತ್ತಿಲ್ಲ" ಎಂದ. ಅವನ ಹಿಂದೆ ಸೊಂಟಕ್ಕೆ ಗಂಟು ಆನಿಸಿಕೊಂಡು ಸುರಪುರಕ್ಕೆ ಹೊರಟ ಒಬ್ಬ ಅಜ್ಜಿ ನಿಂತಿದ್ದಳು. ಮುಂದಿನ ಸ್ಟಾಪಿನಲ್ಲಿ ಹತ್ತುತ್ತಾರೆ ಎಂದು ನಾನು ಸುಳ್ಳು ಹೇಳಬಹುದಿತ್ತು. ಆದರೆ ನನಗೆ ಕೊಟ್ಟ ವಿಷಯ ಬಂಡೆಪ್ಪ ಇದ್ದಾನೆ ಎಂಬುದು, ಕೊಟ್ಟ ಪಕ್ಷ ಪರ. ಬಾಯಿ ತಾನೇ ತೆರೆದುಕೊಂಡಿತು. "ಬಂದಾನ್ರಿ. ಕುಂತಾನ. ನಿಮಗ ಕಾಣವಲ್ಲ."

ಸುತ್ತಲಿನವರು ನನ್ನ ಕಡೆ ತಿರುಗಿದರು. ಅಜ್ಜಿ ನನ್ನನ್ನು ಬಹಳ ಮೆತ್ತಗೆ ಕೇಳಿದಳು: "ಯವ್ವಾ, ನಿನ್ನ ಮದಿವಿ ಆಗ್ಯದೇನು?"

"ಇಲ್ಲಬೇ."

"ಆಗ್ತದ ತಗೋ. ಮನಸಿಗಿ ಹಚ್ಚಿಕೋಬ್ಯಾಡ."

ನಾನು ಎರಡೂ ಕೈ ಎತ್ತಿ, ತಂಗಿ, ಲ್ಯಾಪ್‌ಟಾಪು, ಮರಿಬಂಡೆ, ಹುಬ್ಬಳ್ಳಿ ಎಲ್ಲವನ್ನೂ ವಿವರಿಸಿದೆ. ಯುವಕ ಪೂರ್ತಿ ಕೇಳಿದ. ಆಮೇಲೆ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿ, "ಅಂದ್ರ ಇಲ್ಲದ ಕಲ್ಲು ಕುಂತು ಹೋಗಬೇಕು, ಇದ್ದ ಮುದುಕಿ ನಿಂತು ಹೋಗಬೇಕು. ಇದ್ಯಾವ ನ್ಯಾಯ್ರಿ?" ಎಂದ. ಎದುರುಪಕ್ಷದವರ ಮಾತು ನೂರಕ್ಕೆ ನೂರು ಸರಿಯಾಗಿದ್ದಾಗ ಏನು ಮಾಡಬೇಕೆಂದು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿಲ್ಲ. ಸುಜಾತಾಳ ಕಡೆ ನೋಡಿದೆ. ಅವಳು ಫೋನ್ ಇಳಿಸಿರಲಿಲ್ಲ, ಆದರೆ ಮುಖದಲ್ಲಿ ಆಗಲೇ ಬಿ.ಎಡ್. ಶುರುವಾಗಿತ್ತು. ಬಂಡೆಪ್ಪನನ್ನು ಎಬ್ಬಿಸುವಂತಿಲ್ಲ, ಅಜ್ಜಿಯನ್ನು ನಿಲ್ಲಿಸುವಂತಿಲ್ಲ. ನಾನೇ ಎದ್ದು ನಿಂತು ಅಜ್ಜಿಗೆ ನನ್ನ ಸೀಟು ಕೊಟ್ಟೆ. ದೆವ್ವಗಳನ್ನು ಹೊಸ್ತಿಲಲ್ಲೇ ತಡೆಯುವ ಅಪ್ಪನ ಮಗಳು, ಇಲ್ಲದ ಕಲ್ಲೊಂದು ಕೂತು ಹೋಗಲೆಂದು ಶಹಾಪುರದವರೆಗೆ ನಿಂತು ಹೋದೆ.

ಅಜ್ಜಿ ಕೂರುವ ಮೊದಲು ಕೇಳಿದಳು: "ಅಂವ ಸಣ್ಣಾಂವ ಅದಾನೋ, ದಪ್ಪ ಅದಾನೋ?"

"ದಪ್ಪ ಅದಾನಬೇ."

"ಹಂಗಾದ್ರ ನಾನ ಸರಕೋತೀನಿ" ಎಂದು ಕಿಟಕಿಗೆ ಒತ್ತಿಕೊಂಡು ಕೂತು, ಬಂಡೆಪ್ಪನ ಕಾಲಿಗೆ ತಗುಲಬಾರದೆಂದು ಗಂಟನ್ನು ತೊಡೆಯ ಮೇಲೆ ಎತ್ತಿಕೊಂಡಳು. ಅಷ್ಟರಲ್ಲಿ ಕಂಡಕ್ಟರ್ ಬಂದ. ಹೆಣ್ಣುಮಕ್ಕಳಿಗೆ ಫ್ರೀ ಟಿಕೇಟು ಹರಿದು ಕೊಟ್ಟು ಟವೆಲಿನ ಕಡೆ ಪೆನ್ನು ತೋರಿಸಿದ. "ಇವರದು?"

"ಬಂಡೆಪ್ಪಂದು" ಎಂದಳು ಅಜ್ಜಿ. "ಕಾಣೂದಿಲ್ಲ ಅಂವ. ಕಲ್ಲು ಅದಾನ."

"ಕಲ್ಲಾಗಲಿ ಹುಲ್ಲಾಗಲಿ, ಬಂಡೆಪ್ಪ ಅಂದ ಮ್ಯಾಲ ಗಂಡಸು. ಸೀಟು ಹಿಡದಾನ, ಟಿಕೇಟು ತಗೀರಿ."

"ಸಣ್ಣ ಹುಡುಗ್ರಿ ಅಂವ!" ಎಂದು ಸುಜಾತಾ ಮುಂದಿನಿಂದ ಕೂಗಿದಳು.

"ವಯಸ್ಸೆಷ್ಟು?"

ಪ್ರಶ್ನೆ ನನ್ನ ಕಡೆ ತಿರುಗಿತ್ತು; ಪ್ರಾಮಾಣಿಕತೆ ಅಡ್ಡ ಬಂತು. "ಗುಡ್ಡದಷ್ಟ ವಯಸ್ಸು ಆಗಿರ್ತದ್ರಿ" ಎಂದೆ.

"ಹಂಗಾದ್ರ ಹಿರಿಯ ನಾಗರಿಕ. ಕಾರ್ಡ್ ಅದ ಏನು?"

ಬಸ್ಸೆಲ್ಲ ನಕ್ಕಿತು. ಕಾರ್ಡು ಇಲ್ಲವಾದ್ದರಿಂದ ಬಂಡೆಪ್ಪನಿಗೆ ಫುಲ್ ಟಿಕೇಟು ತೆಗೆಸಿದೆ. ಅಲ್ಲಿಂದ ಮುಂದೆ ಅವನು ಇಡೀ ಬಸ್ಸಿನ ಮನುಷ್ಯನಾಗಿಬಿಟ್ಟ. ಯಾರೋ ಶೇಂಗಾ ಹಂಚಿದರೆ ಟವೆಲಿನ ಮುಂದೆಯೂ ಕೈ ಚಾಚುವರು. ರಸ್ತೆಯ ಉಬ್ಬಿನಲ್ಲಿ ಬಸ್ಸು ಎಗರಿದಾಗ ಅಜ್ಜಿ, "ಅಯ್ ಮೈಮ್ಯಾಲ ಬೀಳಬ್ಯಾಡೋ, ನನ್ನ ಎಲುವು ಉಳಿಯೂದಿಲ್ಲ" ಎಂದು ಗದರಿದಳು. ನಾನು ಮಾತ್ರ ಕೆಲಸ ಬಿಟ್ಟಿರಲಿಲ್ಲ. ಮಿಕ್ಸರಿನ ಯುವಕನಿಗೆ ಕಲ್ಪನೆಗೂ ಸುಳ್ಳಿಗೂ ಇರುವ ವ್ಯತ್ಯಾಸವನ್ನು, ಬಿಟ್ಟ ಕಡೆಯಿಂದ ಹಿಡಿದು, ನಿಂತುಕೊಂಡೇ, ಕೈ ಬೀಸಿ ಬೀಸಿ ವಿವರಿಸುತ್ತಿದ್ದೆ. ಅವನು ಡಬ್ಬಿಯ ಮೇಲೆ ಗದ್ದ ಊರಿ ನಿದ್ದೆ ಮಾಡುತ್ತಿದ್ದ.

ಶಹಾಪುರ ಹತ್ತಿರ ಬಂದಾಗ, ಮಲಗಿದ ಬುದ್ಧನ ಹಾಗೆ ಕಾಣುವ ನಮ್ಮ ಗುಡ್ಡ ಸಂಜೆಯ ಬಿಸಿಲಿನಲ್ಲಿ ಕಿಟಕಿಯಾಚೆ ತೇಲಿತು. ಅಜ್ಜಿ ಅದನ್ನು ನೋಡಿದಳು, ಪಕ್ಕಕ್ಕೆ ತಿರುಗಿದಳು. "ಏ ಬಂಡೆಪ್ಪಾ, ನೋಡೋ ನಿಮ್ಮನಿ ಬಂತು" ಎಂದಳು. ಹೇಳಿ ಸುಮ್ಮನಾಗಲಿಲ್ಲ, ತನ್ನ ತಲೆ ಅಡ್ಡ ಬರುತ್ತದೆಂದು ಸೀಟಿಗೆ ಬೆನ್ನು ಹಚ್ಚಿ ಹಿಂದಕ್ಕೆ ಸರಿದು, ಅವನಿಗೆ ಕಿಟಕಿ ಬಿಟ್ಟುಕೊಟ್ಟಳು. ವಿವರಣೆ ಅರ್ಧಕ್ಕೇ ಬಿಟ್ಟು ನಾನೂ ಆ ಸೀಟಿನ ಕಡೆ ನೋಡಿದೆ, ಹುಲ್ಲಿನ ಜುಟ್ಟು ಎಲ್ಲಿರಬೇಕೋ ಅಲ್ಲಿಗೆ. ಇದ್ದಾನೆ ಎಂದು ನಾನು ಹೇಳುವುದಿಲ್ಲ. ಆದರೆ ಆ ಗಳಿಗೆಯಲ್ಲಿ ಯಾರಾದರೂ ಇಲ್ಲ ಎಂದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ.

ಅನಂತರದ ದಿನಗಳಲ್ಲಿ ಸುಜಾತಾ ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲ. ಕಿಟಕಿಯ ಸರಳುಗಳ ನೆರಳು ಅಜ್ಜಿಯ ಸೀರೆ ದಾಟಿ ಬಂಡೆಪ್ಪನ ಮೈಮೇಲೂ ಅದೇ ಓರೆಯಲ್ಲಿ ಬೀಳುವ ಹಾಗೆ, ಬಸ್ಸು ಎಗರಿದಾಗ ಉಳಿದವರಿಗಿಂತ ಅವನು ತುಸು ತಡವಾಗಿ, ಭಾರವಾಗಿ ಎಗರುವ ಹಾಗೆ, ಸೀಟಿನ ಹರಿದ ರೆಕ್ಸಿನ್ನು ಅವನ ಕೆಳಗೆ ಇಳಿಯುವ ಹಾಗೆ ಮಾಡಿದಳು. ನಾನು ದೋಷ ಹುಡುಕಲೆಂದೇ ಹಿಂದೆ ಕೂತೆ, ಅದು ನನ್ನ ವೃತ್ತಿಧರ್ಮ. ಅಜ್ಜಿ ಹಿಂದಕ್ಕೆ ಸರಿಯುತ್ತಾಳೆ, ಬಂಡೆಪ್ಪ ಕತ್ತು ಚಾಚಿ ಗುಡ್ಡ ನೋಡುತ್ತಾನೆ, ಅವನ ಜುಟ್ಟು ಗಾಳಿಗೆ ಅಲುಗುತ್ತದೆ. ದೋಷ ಸಿಗಲಿಲ್ಲ. ಇನ್ನೊಮ್ಮೆ ಹಾಕು ಎಂದೆ. ಆಮೇಲೆ ಮತ್ತೊಮ್ಮೆ. ನನ್ನ ತಂಗಿಯ ಕೈಯಲ್ಲಿ ಇಷ್ಟೊಂದು ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಅಥವಾ ಹೇಳಿದ್ದಾಗ ನಾನೇ ಮಾತಾಡುತ್ತಿದ್ದೆನೇನೋ.

ಹುಬ್ಬಳ್ಳಿಯಿಂದ ಫೋನ್ ಬಂದಾಗ ಸುಜಾತಾ ಸ್ಪೀಕರ್ ಹಾಕಿದಳು. ಅವ್ವ ಒಲೆ ಆರಿಸಿ ಬಂದಳು. ಆ ಕಡೆಯವರು, "ಬಂಡೆಪ್ಪನ್ನ ಒಪ್ಪೇವ್ರಿ. ಆ ಅಜ್ಜಿ ಹಿಂದ ಸರಿಯೂ ಜಾಗ ನಾವೆಲ್ಲಾ ಮತ್ತ ಮತ್ತ ನೋಡಿದ್ವಿ. ಕೆಲಸ ಶುರು ಮಾಡ್ರಿ" ಎಂದರು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು; ಬಿ.ಎಡ್. ಅಲ್ಲಿಗೆ ಮುಗಿಯಿತು. "ಒಂದ ಸಣ್ಣ ತಿದ್ದುಪಡಿ ಐತ್ರಿ" ಎಂದಿತು ಫೋನು. "ಬಂಡೆಪ್ಪನ ಬಾಜೂಕ ನಿಂತು ಕೈ ಬೀಸ್ಕೋಂತ ಮಾತಾಡೂ ಇನ್ನೊಂದು ಗೊಂಬಿ ಮಾಡೀರಲ್ಲ, ಅದು ಮಾತ್ರ ಭಾಳ ಕಾರ್ಟೂನ್ ಆಗೇತಿ. ಖರೇ ಮಂದಿ ಯಾರೂ ಹಂಗ ಕೈ ಮಾಡೂದಿಲ್ಲ. ಜರಾ ಕಡಿಮಿ ಮಾಡಿಕೊಡ್ರಿ."

ಸುಜಾತಾ ಫೋನಿನ ಮೇಲೆ ಅಂಗೈ ಮುಚ್ಚಿ, ತುಟಿ ಕಚ್ಚಿಕೊಂಡು ನನ್ನ ಕಡೆ ನೋಡಿದಳು. "ಏನ್ ಹೇಳಲಿ ಯಕ್ಕಾ?"

ನನ್ನ ಬಳಿ ಆಕ್ಷೇಪಗಳಿದ್ದವು. ಎಲ್ಲವೂ ಒಂದರ ಹಿಂದೊಂದು ಸಾಲಾಗಿ ಎದ್ದು ನಿಂತಿದ್ದವು. "ಕಡಿಮಿ ಮಾಡ್ತೀನಂತ ಹೇಳು" ಎಂದೆ. ಅಷ್ಟನ್ನು ಹೇಳಿ ಮುಗಿಸಲು ನಾನು ನನ್ನ ಎರಡೂ ಕೈಗಳ ಮೇಲೆ ಕೂರಬೇಕಾಯಿತು.