ನನ್ನೊಬ್ಬನ ರಕ್ತ ಬೇಡವಾದದ್ದು

ಮದುವೆಗೆ ಹೋದವರು ಮುಯ್ಯಿ ಕೊಟ್ಟು ಬರುತ್ತಾರೆ. ನಮ್ಮಣ್ಣ ರಕ್ತ ತೆಗೆದುಕೊಂಡು ಬರುತ್ತಾನೆ! ಕೇಳಿದ್ದನ್ನು ಹೇಳುತ್ತಿಲ್ಲ. ಹಾವೇರಿಯ ಕಲ್ಯಾಣಮಂಟಪವೊಂದರಲ್ಲಿ, ಎರಡನೇ ಪಂಕ್ತಿ ಎದ್ದ ಹೊತ್ತಿಗೆ, ಕೈ ತೊಳೆಯುವ ನಳದ ಎಡಕ್ಕೆ ನಾನು ನಿಂತಿದ್ದೆ. ನನ್ನಿಂದ ಒಂದು ಮಾರು ಆಚೆ ಅಣ್ಣ ತನ್ನ ಹೆಂಡತಿಯ ತಮ್ಮನನ್ನು ಕುರ್ಚಿಯಲ್ಲಿ ಕೂಡಿಸಿ, ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಿದ್ದ.

"ಮಾಮಾ, ಎಷ್ಟು ತಗೋತೀರಿ?"

"ನೀ ಉಂಡ ಹೋಳಿಗಿಕಿಂತ ಕಡಿಮಿ. ಮುಷ್ಟಿ ಹಿಡದು ಸುಮ್ನ ಕುಂದ್ರು."

ಅಣ್ಣನ ಮನೆ ರಾಣೆಬೆನ್ನೂರು. ಕೆಲಸ ದಾವಣಗೆರೆಯ ಒಂದು ಪ್ರಯೋಗಾಲಯದಲ್ಲಿ. ರೋಗಿಯ ರಕ್ತವನ್ನು ಪರೀಕ್ಷಿಸುವಾಗ ಪಕ್ಕದಲ್ಲೇ ಒಬ್ಬ ಆರೋಗ್ಯವಂತನ ರಕ್ತವನ್ನೂ ಇಟ್ಟು ಹೋಲಿಸಬೇಕಂತೆ. ಅದಕ್ಕೆ ಎದುರು ಮನೆಯ ದರ್ಜಿಯದು ತೆಗೆದುಕೊಂಡ. ಬೀಗರ ವ್ಯಾನ್ ಡ್ರೈವರನದು ತೆಗೆದುಕೊಂಡ. ಕೊನೆಗೆ ಈ ಭಾವಮೈದುನನದು ಬಹಳ ಚಲೋ ಎಂದು ಅದನ್ನೇ ಕಾಯಂ ಮಾಡಿಕೊಂಡ. ಒಡಹುಟ್ಟಿದ ನನ್ನನ್ನು ಮಾತ್ರ ಒಂದು ಹನಿಯೂ ಕೇಳಲಿಲ್ಲ! ಹೊಟ್ಟೆ ಉರಿಯದೆ ಇರುತ್ತದೆಯೇ?

ಒಂದು ಭಾನುವಾರ ಅಣ್ಣನ ಮನೆಯ ಫ್ರಿಜ್ ಕೆಟ್ಟಿತು. ಅದರಲ್ಲಿ ಮೊಸರಿನ ಪಕ್ಕ, ರಕ್ತಪರೀಕ್ಷೆಗೆಂದು ಅವನು ತಂದಿಟ್ಟ ಪ್ರತಿಕಾಯದ, ಅಂದರೆ ಆಂಟಿಬಾಡಿಯ, ಶೀಶೆ; ತಣ್ಣಗಿರದಿದ್ದರೆ ಕೆಡುತ್ತದೆ. ಪ್ರಯೋಗಾಲಯಕ್ಕೆ ರಜೆ. ಹೊರಟೆವು ಬ್ಯಾಡಗಿಗೆ, ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿಗೆ! ರೈಲಿನಲ್ಲಿ ಶೀಶೆಯಿಟ್ಟ ಥರ್ಮಾಸ್ ನನ್ನ ತೊಡೆಯ ಮೇಲೆ.

"ಇದರಾಗ ಅಂಥಾದ್ದೇನೈತಿ?" ಎಂದೆ.

"ಬ್ಯಾಡಗಿ ಖರೀದಿದಾರನ ನೋಡೀಯಿಲ್ಲೋ? ಡಬ್ಬಿ ಜಾತಿ ಮೆಣಸಿನಕಾಯಿ ತಗೊಳ್ಳಾವ ಕಡ್ಡಿ ಜಾತೀದು ಮುಟ್ಟಂಗಿಲ್ಲ. ಇದೂ ಹಂಗ. ಕೆಂಪು ರಕ್ತಕಣದೊಳಗ ಒಂದು ಹಂದರ ಇರತೈತಿ. ಆ ಹಂದರದಾಗ ಸ್ಪೆಕ್ಟ್ರಿನ್ ಅನ್ನೋ ಪ್ರೋಟೀನು. ಇದು ಹೋಗಿ ಅದನ್ನೊಂದ ಹಿಡೀತೈತಿ. ಹಿಡದಲ್ಲಿ ಪರೀಕ್ಷಾದ ಹಾಳಿ ಮ್ಯಾಲೆ ಕರೇ ಪಟ್ಟಿ ಮೂಡತೈತಿ. ಪ್ರೋಟೀನು ಕಡಿಮಿ ಇದ್ರ ಪಟ್ಟಿ ತೆಳ್ಳಗ, ಹಂದರ ಪೊಳ್ಳು."

ಕೋಲ್ಡ್ ಸ್ಟೋರೇಜಿನ ಬಾಗಿಲಲ್ಲಿ ಹಮಾಲನೊಬ್ಬ ಕೇಳಿದ: "ಎಷ್ಟು ಚೀಲ್ರೀ ಸಾಹೇಬ್ರ?"

"ಒಂದು ಹನಿ."

"ಒಂದು ಹನಿಗೆ ಇಷ್ಟು ಜತನ! ನನ್ನ ಹೇಣ್ತಿ ನನ್ನೂ ಹಿಂಗ ನೋಡ್ಕೊಳ್ಳಂಗಿಲ್ಲ ಬಿಡ್ರಿ."

ಅಲ್ಲಿಯ ಸೂಪರ್‌ವೈಜರ್ ಯಾರು? ಅದೇ ಭಾವಮೈದುನ! ಕೆಂಪು ಚೀಲಗಳ ನಡುವೆ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ರಕ್ತಾನೂ ನಂದು, ಸ್ಟೋರೇಜೂ ನಂದು. ನೀವ್ಯಾಕ ಬಂದೀರೀ ಮತ್ತ?"

"ಥರ್ಮಾಸ್ ಹಿಡಿಯಾಕ," ಎಂದ ನಮ್ಮಣ್ಣ.

ಆ ಚಳಿಯಲ್ಲೂ ನನ್ನ ಕಿವಿ ಕಾದವು.

ಮುಂದಿನ ಸಲ ರಕ್ತಕ್ಕೆಂದು ಅಣ್ಣ ಭಾವಮೈದುನನನ್ನು ರಾಣೆಬೆನ್ನೂರಿಗೇ ಕರೆಸಿದ್ದ. ನಾನೂ ಹೋಗಿದ್ದೆ. ಕರೆದಿರಲಿಲ್ಲ, ಅದು ಬೇರೆ ಮಾತು. ಬ್ಯಾಡಗಿಯ ಪ್ರಭುಗಳು ಇನ್ನೂ ಬಂದಿರಲಿಲ್ಲ. ಅಡುಗೆಮನೆಯಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿ, ಒಗ್ಗರಣೆ ಹಾಕುತ್ತಿದ್ದರು, ಅವ್ವ ಅವರೆ ಸುಲಿಯುತ್ತಿದ್ದಳು. ನಾನು ಅಂಗಿಯ ತೋಳು ಮಡಚಿ ಅಣ್ಣನ ಮುಂದೆ ಕುಳಿತೆ.

"ತಗೋ. ನನ್ನ ರಕ್ತಕ್ಕ ಏನಾಗೇತಿ? ನಾ ಏನು ಕಲಬೆರಕಿ ಮಾಲೇನು?"

"ನೀ ಬ್ಯಾಡೋ ತಮ್ಮಾ."

"ಯಾಕ? ದರ್ಜಿ ನಡೀತಾನ, ಡ್ರೈವರ್ ನಡೀತಾನ, ನಾ ನಡೆಯಂಗಿಲ್ಲ?"

ಅಣ್ಣ ಸೂಜಿಯನ್ನು ತಟ್ಟೆಯಲ್ಲಿಟ್ಟ. ಸಣ್ಣಂದಿನಿಂದ ಅವನ ಕಣ್ಣು ಹಳದಿ. ಕಾಮಣಿ, ಅಂದರೆ ಕಾಮಾಲೆ, ಎಂದು ಮದ್ದಿಗಾಗಿ ಅವ್ವ ತಿರುಗದ ಊರಿಲ್ಲ. ಅದು ಕಾಮಣಿಯಲ್ಲ, ರಕ್ತಕಣದ ಹಂದರವೇ ಪೊಳ್ಳು ಎಂದು ದೊಡ್ಡವನಾದ ಮೇಲೆ ತಿಳಿಯಿತು. ಅವನು ಈ ಕೆಲಸ ಹಿಡಿದದ್ದೂ ಅದಕ್ಕೇ.

"ನಂದೂ ನಿಂದೂ ಒಂದ ಹೊಟ್ಟಿ," ಎಂದ ಮೆಲ್ಲಗೆ. "ನನ್ನ ಪಟ್ಟಿ ತೆಳ್ಳಗೈತಿ. ನಿಂದು ತಗೊಂಡ್ರ ನೋಡಬೇಕಾಗತೈತಿ. ನಿಂದೂ ಹಂಗ ಬಂದ್ರ ನಾ ಹೆಂಗ ನೋಡ್ಲೋ?"

ನಾನು ಚಾಚಿದ ತೋಳನ್ನು ಹಿಂದೆಗೆಯಲಿಲ್ಲ. ಮಾತಾಡಿದವಳು ಅವ್ವ. "ತಗೋ. ಅಂಜಿ ಎಷ್ಟು ದಿನ ಕುಂದರ್ತಿ?"

ತೆಗೆದುಕೊಂಡ. ಊರ ಮಂದಿಗೆಲ್ಲ ಸೂಜಿ ಚುಚ್ಚಿದವನು ನನಗೆ ಚುಚ್ಚುವ ಮೊದಲು ಮೂರು ಸಲ ನರ ಒತ್ತಿ ನೋಡಿದ.

ಬುಧವಾರ ಸಂಜೆ ಅದೇ ಅಡುಗೆಮನೆ. ಅಣ್ಣ ದಾವಣಗೆರೆಯಿಂದ ಬಂದವನು ಚಪ್ಪಲಿಯನ್ನೂ ಬಿಡದೆ ಫೋನು ನನ್ನ ಮುಂದೆ ಹಿಡಿದ. ಚಿತ್ರದಲ್ಲಿ ಎರಡು ಕಪ್ಪು ಪಟ್ಟಿ. ಎಡಗಡೆಯದು ಪೆನ್ಸಿಲಿನಲ್ಲಿ ಎಳೆದ ಹಾಗೆ, ತೆಳ್ಳಗೆ. ಬಲಗಡೆಯದು ಕಾಡಿಗೆ ತೀಡಿದ ಹಾಗೆ, ದಪ್ಪಗೆ.

"ಎಡಗಡೆದು ನಂದು, ಬಲಗಡೆದು ನಿಂದು," ಎಂದ. "ಗಟ್ಟಿ ಹಂದರೈತಿ ಮಗನ!"

ಒಂದೇ ಹೊಟ್ಟೆಯಲ್ಲಿ ಹುಟ್ಟಿ ಗಟ್ಟಿ ರಕ್ತ ನನಗೆ ಬಂತು, ಪೊಳ್ಳು ಅವನಿಗೆ. ಹೊಟ್ಟೆಕಿಚ್ಚು ಪಡುವ ಹಕ್ಕು ಯಾರದಿತ್ತು ಹೇಳಿ? ಅವನ ಮುಖದಲ್ಲಿ ಅದನ್ನು ಹುಡುಕಿದೆ. ಎಳ್ಳಷ್ಟೂ ಇರಲಿಲ್ಲ. ಆ ಹಳದಿ ಕಣ್ಣು ತುಂಬಿ ಕೆನ್ನೆಯ ಮೇಲೆ ಹರಿದದ್ದನ್ನು ಎರಡು ಮೊಳದ ದೂರದಿಂದ ನೋಡಿದ್ದೇನೆ. ಅಣ್ಣನನ್ನು ಕೇಳಬೇಡಿ, ಒಗ್ಗರಣೆ ಘಾಟು ಎನ್ನುತ್ತಾನೆ. ಅವ್ವ ಕಂಡಿದ್ದಳು, ಈಗ ಇಲ್ಲ. ವೈನಿ ಇದ್ದಾರೆ. ಆ ಸಂಜೆ ಒಲೆ ಹಚ್ಚಿಯೇ ಇರಲಿಲ್ಲ ಎಂದು ಅವರೇ ಹೇಳುತ್ತಾರೆ.