ದರ್ಜಿ ಮನೆಯ ಧೂಳು

ನಾನು ಅವರನ್ನು ಮೊದಲು ಕಂಡ ದಿನ ಅವರ ಕೋಣೆಯಲ್ಲಿ ಕೂರಲು ಜಾಗವಿರಲಿಲ್ಲ. ಕುರ್ಚಿಯ ಮೇಲೆ ಕಾಗದದ ರಾಶಿ, ರಾಶಿಯ ಮೇಲೆ ಟೀ ಲೋಟ, ಲೋಟದಲ್ಲಿ ಸತ್ತ ಇರುವೆ ಮೂರು. ಎಣಿಸಿದ್ದೆ. ಮದುವೆಯಾದ ಎಂಟೇ ದಿನಕ್ಕೆ ಈ ಕೋಣೆಯನ್ನು ಕನ್ನಡಿ ಮಾಡದಿದ್ದರೆ ನಾನು ನನ್ನಪ್ಪನ ಮಗಳೇ ಅಲ್ಲ ಎಂದು ನಿಂತಲ್ಲೇ ಶಪಥ ಮಾಡಿದೆ. ನಲವತ್ತೊಂದು ವರ್ಷ ಹಿಡಿಯಿತು.

ಅವರು ವಿಜ್ಞಾನದ ಕಥೆ ಬರೆಯುತ್ತಿದ್ದರು. ನನ್ನದು ಅಕ್ಷರ ಕೂಡಿಸಿ ಓದುವಷ್ಟು ವಿದ್ಯೆ. ಅವರೇ ಓದಿ ಹೇಳುತ್ತಿದ್ದರು. ಯಾವ ಕಥೆ ತೆಗೆದರೂ ಆಕಾಶದ ಹಡಗು ತುಕ್ಕು ಹಿಡಿಯುವುದು, ಊರು ಧೂಳಾಗುವುದು.

"ಎಲ್ಲಾ ಚೆದುರಿ ಹಾಳಾಗೋದೇ ವಿಶ್ವದ ನಿಯಮ ಕಣೇ."

"ಆ ಹಡಗನ್ನ ಗುಡಿಸೋರು ಯಾರೂ ಇಲ್ವೇನ್ರೀ?"

"ಇಲ್ಲ."

"ಅದಕ್ಕೇ ಹಾಳಾಗಿದೆ."

ಕೊನೆಯ ಕಾದಂಬರಿಗೆ ಒಂದು ಅಧ್ಯಾಯ ಬಾಕಿಯಿತ್ತು. ಡಾಕ್ಟರು ಅವರಿಗೆ ಕೊಟ್ಟದ್ದೂ ಕೆಲವೇ ತಿಂಗಳು. ಅವರು ಆಸ್ಪತ್ರೆಗೆ ತೋರಿಸಿಕೊಳ್ಳಲು ಹೋದ ದಿನ ನಾನು ಪೊರಕೆ ಹಿಡಿದೆ. ಕಾಗದಗಳನ್ನು ಅಳತೆ ನೋಡಿ ಜೋಡಿಸಿದೆ. ಗಾಜಿನ ಮುಚ್ಚಳದಡಿ ಬೂಷ್ಟು ಹಿಡಿದ ಬ್ರೆಡ್ಡಿತ್ತು. ಎಸೆದು, ತಟ್ಟೆ ಉಜ್ಜಿ, ಹೊಸ ಬ್ರೆಡ್ಡು ಇಟ್ಟೆ.

ಬಂದವರು ಬಾಗಿಲಲ್ಲೇ ನಿಂತರು.

"ಏಳು ತಿಂಗಳಿಂದ ದಿನಾ ಅದನ್ನ ನೋಡಿ ಬರ್ಕೋತಿದ್ದೆ. ಕೊನೇ ಅಧ್ಯಾಯ ಅದೇ ಕಣೇ."

"ಇದೂ ಬೂಷ್ಟು ಹಿಡಿಯುತ್ತೆ ಬಿಡ್ರೀ. ಏಳು ತಿಂಗಳು ತಾನೇ?"

"ನನ್ಹತ್ರ ಏಳು ತಿಂಗಳಿದೆಯಾ?"

ಕೆಡಿಸಿದವಳೇ ಸರಿಮಾಡಬೇಕು. ನನ್ನ ಪಾಲಿಗೆ, ಸರಿಮಾಡಿದವಳೇ ಕೆಡಿಸಬೇಕು! ಪಕ್ಕದ ದರ್ಜಿ ಮನೆಯಿಂದ ಮೊರದ ತುಂಬ ಧೂಳು ಕೇಳಿ ತಂದೆ.

"ಸಕ್ಕರೆ ಕೇಳೋರನ್ನ ಕಂಡಿದ್ದೆ ಅಕ್ಕಾ, ಧೂಳು ಕೇಳೋರು ನೀವೇ ಮೊದಲು" ಎಂದಳು ದರ್ಜಿಯ ಹೆಂಡತಿ.

ಜರಡಿ ಹಿಡಿದು ಮೇಜಿನ ಮೇಲೆ ಸಮನಾಗಿ ಉದುರಿಸಿದೆ. ಅವರು ಬೆರಳೊತ್ತಿ ನೋಡಿದರು.

"ಇದು ನಮ್ಮ ಮನೆ ಧೂಳಲ್ಲ, ನೀಲಿ ದಾರ ಇದೆ. ಧೂಳನ್ನೂ ಒಪ್ಪವಾಗಿ ಹಾಕಿದೀಯಲ್ಲೇ ಮಾರಾಯ್ತಿ." ಪೆನ್ನು ಮುಚ್ಚಿಟ್ಟರು. "ಇನ್ನು ಇಲ್ಲಿಗೆ ಪೊರಕೆ ತರಬೇಡ. ಧೂಳು ತಾನಾಗೇ ಕೂರಲಿ, ಆಗ ಬರೀತೀನಿ."

ಹೂಂ ಎಂದೆ. ಎರಡು ವಾರಕ್ಕೆ ಅವರು ಆಸ್ಪತ್ರೆಯಲ್ಲಿ ಮಲಗಿದರು. ನಾನು ದಿನಾ ಬೆಳಿಗ್ಗೆ ಮನೆ ಗುಡಿಸಿ, ಬೀಗ ಹಾಕಿ, ಅವರ ಬಳಿಗೆ ಹೋಗುತ್ತಿದ್ದೆ. ನಲವತ್ತೊಂದು ವರ್ಷದ ಕೈ, ಯಾವ ಕೋಣೆ ಎಂದು ಕೇಳುವುದಿಲ್ಲ. ಕೊಟ್ಟ ಮಾತು ನೆನಪಾಗುವುದು ಬೀಗ ಹಾಕಿದ ಮೇಲೆಯೇ. ಅವತ್ತೂ ಮೇಜಿನ ಕೆಳಗಿನ ಮೂಲೆಯನ್ನು ಸಹ ಬಿಡದೆ ಗುಡಿಸಿ ಹೋಗಿದ್ದೆ. ಅವರು ಹತ್ತಿರ ಕರೆದರು. ದನಿ ಇಂಗಿಹೋಗಿತ್ತು.

"ನನ್ನ ಕೋಣೇಲಿ ಸ್ವಲ್ಪನಾದ್ರೂ ಧೂಳು ಕೂತಿದೆಯೇನೇ?"